ಮೂರನೇ ಬಾಟಲಿಯ ಎಣಿಕೆ

ಲ್ಯಾಬಕ್ಕನಿಗೂ ಗಡಿಯಾರಕ್ಕೂ ಅಷ್ಟಕ್ಕಷ್ಟೇ. ದೊಡ್ಡಾಸ್ಪತ್ರೆಯ ಎರಡನೇ ಮಹಡಿಯ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷಗಳಿಂದ ಗಾಜಿನ ಸ್ಲೈಡುಗಳಿಗೆ ಬಣ್ಣ ಹಾಕುತ್ತ ಬಂದವಳು ಅವಳು. ಗೋಡೆಯ ಮೇಲೆ ಊಟದ ತಟ್ಟೆಯಷ್ಟು ದೊಡ್ಡ ಗಡಿಯಾರವಿತ್ತು, ಸಿಂಕಿನ ಪಕ್ಕದಲ್ಲಿ ಕಿರ್ರೆಂದು ಕೂಗುವ ಟೈಮರ್ ಇತ್ತು. ಎರಡಕ್ಕೂ ಬೆನ್ನು ತೋರಿಸಿಯೇ ನಿಲ್ಲುತ್ತಿದ್ದಳು. "ಗಡಿಯಾರ ನೋಡ್ಕೊಂಡು ನಿಂತ್ರೆ ಸ್ಲೈಡು ನೋಡೋರು ಯಾರಮ್ಮ?" ಎಂದು ಕೆಲಸ ಕಲಿಸಿದ ಮೇಷ್ಟ್ರು ಮೊದಲ ದಿನವೇ ಗದರಿದ್ದರು. "ಕಣ್ಣು ಸ್ಲೈಡಿನ ಮೇಲಿರ್ಲಿ. ಎಣಿಸೋ ಕೆಲಸ ಬಾಯಿಗೆ ಬಿಡು."

ಆ ಕೆಲಸ ಎಂಥದ್ದೆಂದು ಮೊದಲೇ ಹೇಳಿಬಿಡಬೇಕು. ರೋಗಿಯ ಕೀವೋ ಕಫವೋ ಬೆನ್ನುಹುರಿಯಿಂದ ತೆಗೆದ ನೀರೋ ಒಂದು ತೊಟ್ಟು ಗಾಜಿನ ಮೇಲೆ ತೆಳ್ಳಗೆ ಸವರಿ, ಒಣಗಿಸಿ, ಉರಿಯ ಮೇಲೆ ಎರಡು ಮೂರು ಸಲ ಆಡಿಸುತ್ತಾರೆ. ಅದರಲ್ಲಿ ರೋಗಾಣುಗಳು ತುಂಬಿದ್ದರೂ ಕಣ್ಣಿಗೆ ಬೀಳುವುದಿಲ್ಲ. ಬಣ್ಣ ಕುಡಿಸಿದರೆ ಮಾತ್ರ ಸೂಕ್ಷ್ಮದರ್ಶಕದ ಕೆಳಗೆ ಮುಖ ತೋರಿಸುತ್ತವೆ. ಅದಕ್ಕೆ ನಾಲ್ಕು ಬಾಟಲಿ. ಒಂದನೆಯದು ನೇರಳೆ, ಎಲ್ಲಕ್ಕೂ ಮೆತ್ತಿಕೊಳ್ಳುತ್ತದೆ. ಎರಡನೆಯದು ಅಯೋಡಿನ್, ಮೆತ್ತಿದ್ದನ್ನು ಗಟ್ಟಿ ಮಾಡುತ್ತದೆ. ಮೂರನೆಯದು ಸ್ಪಿರಿಟ್ಟು, ತೊಳೆಯುತ್ತದೆ. ಹಟಮಾರಿ ಜಾತಿಯವು ನೇರಳೆಯನ್ನು ಬಿಡುವುದಿಲ್ಲ, ಉಳಿದವು ಬಿಟ್ಟುಕೊಡುತ್ತವೆ. ಬಿಟ್ಟುಕೊಟ್ಟವಕ್ಕೆ ನಾಲ್ಕನೇ ಬಾಟಲಿಯ ಗುಲಾಬಿ. ಕೊನೆಗೆ ಕಂಡದ್ದು ನೇರಳೆಯೋ ಗುಲಾಬಿಯೋ, ಇಷ್ಟೇ ಪ್ರಶ್ನೆ. ವಾರ್ಡಿನಲ್ಲಿ ಯಾವ ಔಷಧಿ ಏರಿಸಬೇಕೆನ್ನುವುದು ಆ ಬಣ್ಣದ ಮೇಲೆ ನಿಂತಿರುತ್ತದೆ.

ಮೂರನೆಯದನ್ನು ಬಿಟ್ಟು ಉಳಿದ ಬಾಟಲಿಗಳಿಗೆಲ್ಲ ಒಂದೊಂದು ನಿಮಿಷ. ಒಂದಿಷ್ಟು ಹೆಚ್ಚುಕಮ್ಮಿಯಾದರೂ ಕೇಡಿಲ್ಲ. ಮೂರನೆಯದರ ಹತ್ತಿರ ಮಾತ್ರ ಉಸಿರು ಬಿಗಿಹಿಡಿಯಬೇಕು. ಸ್ಪಿರಿಟ್ಟು ಕಡಿಮೆ ಬಿದ್ದರೆ ಎಲ್ಲವೂ ನೇರಳೆಯಾಗಿಯೇ ಉಳಿದು ಸುಳ್ಳು ಹೇಳುತ್ತವೆ. ಜಾಸ್ತಿ ಬಿದ್ದರೆ ಹಟಮಾರಿಗಳೂ ಸೋತು ಕೈಬಿಟ್ಟು, ಎಲ್ಲವೂ ಗುಲಾಬಿಯಾಗಿ ಇನ್ನೊಂದು ಸುಳ್ಳು ಹೇಳುತ್ತವೆ. ನಡುವೆ ಹತ್ತು ಸೆಕೆಂಡಿನ ಒಂದು ಕಿಂಡಿ ಇದೆ. ಲ್ಯಾಬಕ್ಕ ಇಪ್ಪತ್ತಾರು ವರ್ಷ ಆ ಕಿಂಡಿಯಲ್ಲೇ ಓಡಾಡಿದವಳು.

ಅವಳ ಬಾಯಿ ಒಂದು ಎರಡು ಎಂದು ಎಣಿಸುತ್ತಿರಲಿಲ್ಲ. ಅಂಕಿ ಎಣಿಸಿದರೆ ನಾಲಿಗೆ ಓಡುತ್ತದೆ ಎಂದು ಅವಳ ತಕರಾರು. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಚಿಕ್ಕಂದಿನಲ್ಲಿ ಮನೆಯ ಊಟದ ಪಂಕ್ತಿಯಲ್ಲಿ ಕೂರುತ್ತಿದ್ದವರನ್ನೆಲ್ಲ ಒಬ್ಬೊಬ್ಬರಾಗಿ ನೆನೆದು ಒಂದು ಎಣಿಕೆ ಕಟ್ಟಿಕೊಂಡಿದ್ದಳು. ಅಜ್ಜಿ, ಅಪ್ಪ, ಅಮ್ಮ, ಚಿಕ್ಕಪ್ಪ, ಚಿಕ್ಕಮ್ಮ, ಅತ್ತೆ, ಅಣ್ಣ, ತಮ್ಮ, ನಾನು. ಒಬ್ಬೊಬ್ಬರಿಗೆ ಒಂದೊಂದು ತೊಟ್ಟು ಸ್ಪಿರಿಟ್ಟು. "ನಾನು" ಎಂದಾಗ ಎಡಗೈ ನಲ್ಲಿ ತಿರುಗಿಸುತ್ತಿತ್ತು, ನೀರು ಬೀಳುತ್ತಿತ್ತು, ಲೆಕ್ಕ ಮುಗಿಯುತ್ತಿತ್ತು. ಆ ಪಂಕ್ತಿಯಲ್ಲಿ ಕೂತವರು ಒಬ್ಬೊಬ್ಬರಾಗಿ ಎದ್ದು ಹೋದರು. ಅಜ್ಜಿ ಹೋದಳು, ಅಪ್ಪ ಹೋದ, ಅತ್ತೆ ಹೋದಳು. ಎಣಿಕೆಯಿಂದ ಮಾತ್ರ ಯಾರೂ ಏಳಲಿಲ್ಲ. ದಿನಕ್ಕೆ ಮೂವತ್ತು ಸ್ಲೈಡು, ಮೂವತ್ತು ಸಲ ಎಲ್ಲರೂ ಬಂದು ಸಾಲಾಗಿ ಕೂರುತ್ತಿದ್ದರು.

ತಮ್ಮ ಅವಳಿಗಿಂತ ಹನ್ನೊಂದು ವರ್ಷ ಚಿಕ್ಕವನು. ಅವನಿಗೆ ಮೂರು ತುಂಬುವ ಮೊದಲೇ ಅಮ್ಮ ತೀರಿಕೊಂಡಿದ್ದಳು. ಸೊಂಟದ ಮೇಲೆ ಹೊತ್ತು, ಬಯ್ದು, ಉಣಿಸಿ, ಹೊಡೆದು, ಮತ್ತೆ ತಾನೇ ಅತ್ತು ಅವನನ್ನು ದೊಡ್ಡವನನ್ನಾಗಿ ಮಾಡಿದವಳು ಅಕ್ಕ. ಓದು ತಲೆಗೆ ಹತ್ತಲಿಲ್ಲ. ಕೈಗೆ ಕುಂಚ ಹತ್ತಿತು. ಅಂಗಡಿಗಳ ಬೋರ್ಡು, ಶಾಲೆಯ ಗೋಡೆ, ಲಾರಿಯ ಹಿಂಬದಿ, ಎಲ್ಲಿ ಜಾಗ ಸಿಕ್ಕರೂ ಅಕ್ಷರ ಬರೆಯುತ್ತಿದ್ದ. ಅಕ್ಕನ ಬೆರಳುಗಳಿಗೆ ಸದಾ ನೇರಳೆ, ತಮ್ಮನ ಉಗುರುಗಳಲ್ಲಿ ಸದಾ ಪೇಂಟು. "ನಿನ್ನ ಕೈ ನೋಡಿದ್ರೆ ಹತ್ತು ಸಲ ಓಟು ಹಾಕಿ ಬಂದೋಳ ಥರ ಇದೀಯಲ್ಲೇ. ಯಾವ ಪಕ್ಷನಕ್ಕ ಗೆಲ್ಲಿಸ್ದೆ?" ಎಂದು ರೇಗಿಸುತ್ತಿದ್ದ. "ನೀನು ಏಣಿಯಿಂದ ಬೀಳದೆ ಇರೋ ಪಕ್ಷ ಕಣೋ," ಎಂದು ಇವಳು.

ಯಾಕೆಂದರೆ ಅವನು ಬೀಳುತ್ತಿದ್ದ. ಒಮ್ಮೆ ಬಿದ್ದು ಮುಂಗೈ ಮುರಿದುಕೊಂಡ, ಇನ್ನೊಮ್ಮೆ ಬಿದ್ದು ಹಣೆಗೆ ಆರು ಹೊಲಿಗೆ. ಎರಡು ಸಲವೂ ಇದೇ ಆಸ್ಪತ್ರೆ, ಎರಡು ಸಲವೂ ಅಕ್ಕ ಕೆಲಸ ಬಿಟ್ಟು ಓಡಿ ಬಂದಾಗ ಮಂಚದ ಮೇಲೆ ಕಾಲು ಆಡಿಸುತ್ತ ನಗುತ್ತಿದ್ದ. ಹಣೆಗೆ ಹೊಲಿಗೆ ಹಾಕಿಸಿಕೊಂಡ ದಿನ ಲ್ಯಾಬಿಗೆ ಬಂದು, ಅವಳ ಬಾಟಲಿಗಳಿಗೆ ಅಂಟಿಸಿದ್ದ ಚೀಟಿಗಳನ್ನು ನೋಡಿ "ಇದೇನು ಅಕ್ಷರಾನಾ, ಇರುವೆ ಸಾಲಾ?" ಎಂದು ಕಿತ್ತೆಸೆದು, ತಾನೇ ಬರೆದುಕೊಟ್ಟಿದ್ದ. ಗುಂಡಗೆ, ಕಡುಗಪ್ಪು, ಅಂಚಿಗೆ ಒಂದೆಳೆ ಹಳದಿ. ಮೂರನೆಯದೇ ತಾಪತ್ರಯದ ಬಾಟಲಿ ಎಂದು ಅಕ್ಕ ಹೇಳಿದ್ದು ನೆನಪಿಟ್ಟುಕೊಂಡು, ಅದರ ಮೇಲೆ ಮಾತ್ರ ಕೆಂಪಿನಲ್ಲಿ ಹೆಚ್ಚಿಗೆ ಒಂದು ಸಾಲು ಸೇರಿಸಿದ: "ಹುಷಾರಕ್ಕ!" ಸ್ಪಿರಿಟ್ಟು ತಾಗಿ ಅಳಿಸೀತು ಎಂದು ಅವಳು ಅಂದದ್ದಕ್ಕೆ ಮೇಲೊಂದು ವಾರ್ನಿಶ್ ಬಳಿದ. "ನಿನ್ನ ಸ್ಪಿರಿಟ್ಟಿಗೆಲ್ಲ ಬಗ್ಗೋ ಅಕ್ಷರ ಅಲ್ಲ ಇದು," ಎಂದ.

ಮೂರನೇ ಸಲ ಬಿದ್ದಾಗ ಬೆಳಿಗ್ಗೆ ಹನ್ನೊಂದೂವರೆ. ಅಟೆಂಡರ್ ಬಾಗಿಲಲ್ಲಿ ಬಂದು ನಿಂತ. "ಅಕ್ಕ, ನಿಮ್ಮ ತಮ್ಮನ್ನ ಕೆಳಗೆ ಎಮರ್ಜೆನ್ಸಿಗೆ ತಂದಿದ್ದಾರೆ. ಏಣಿಯಿಂದ ಬಿದ್ದಿದ್ದಾನಂತೆ. ಅಕ್ಕ ಬೇಕು, ಅಕ್ಕನ್ನ ಕರೀರಿ ಅಂತಿದ್ದಾನೆ."

ಲ್ಯಾಬಕ್ಕನ ಕೈಯಲ್ಲಿ ಒಂದು ಸ್ಲೈಡಿತ್ತು. ಅಯೋಡಿನ್ ತೊಳೆದು ಆಗಿತ್ತು, ಬಲಗೈ ಮೂರನೇ ಬಾಟಲಿಯನ್ನು ಎತ್ತಿತ್ತು. ಇಲ್ಲಿ ಬಿಟ್ಟು ಹೋದರೆ ಸ್ಲೈಡು ಕೆಡುತ್ತದೆ, ಯಾರದೋ ಶ್ವಾಸಕೋಶದಿಂದ ಸೂಜಿ ಹಾಕಿ ತೆಗೆದದ್ದು, ಮತ್ತೆ ಸಿಗುವ ಮಾಲಲ್ಲ. "ಮತ್ತೆ ಬಿದ್ನಾ ಆ ಪುಣ್ಯಾತ್ಮ? ಎರಡು ನಿಮಿಷ ಸುಮ್ನೆ ಬಿದ್ಕೊಂಡಿರು ಅಂತ ಹೇಳು. ಇದೊಂದು ಸ್ಲೈಡು ಮುಗಿಸಿ ಬಂದೆ," ಎಂದಳು. ಅಜ್ಜಿ, ಅಪ್ಪ, ಅಮ್ಮ, ಚಿಕ್ಕಪ್ಪ, ಚಿಕ್ಕಮ್ಮ, ಅತ್ತೆ, ಅಣ್ಣ, ತಮ್ಮ, ನಾನು. ನೀರು. ಗುಲಾಬಿಗೆ ಒಂದು ನಿಮಿಷ. ನೀರು. ಸ್ಲೈಡನ್ನು ಒಣಗಲು ನಿಲ್ಲಿಸಿ, ಕೈ ತೊಳೆದುಕೊಂಡು, ಬಯ್ಯಬೇಕಾದ ಬೈಗುಳವನ್ನೆಲ್ಲ ಬಾಯಿತುಂಬ ಸಿದ್ಧ ಮಾಡಿಕೊಂಡು ಮೆಟ್ಟಿಲಿಳಿದಳು.

ಅವಳು ಕೊನೆಯ ಮೆಟ್ಟಿಲಲ್ಲಿದ್ದಾಗ ಅವನು ಹೋದ. ಒಳಗೆ ಎಲ್ಲೋ ರಕ್ತನಾಳ ಒಡೆದಿತ್ತು. ಅಕ್ಕ ಮೊದಲೇ ಬಂದಿದ್ದರೂ ಉಳಿಯುತ್ತಿರಲಿಲ್ಲ ಎಂದು ಎಲ್ಲ ಡಾಕ್ಟರುಗಳೂ ಹೇಳಿದರು. ಉಳಿಯುತ್ತಿರಲಿಲ್ಲ, ಸರಿ. ಆದರೆ ಕೈ ಹಿಡಿದುಕೊಳ್ಳಬಹುದಿತ್ತಲ್ಲ. ಆ ಮಾತನ್ನು ಅವಳು ಯಾರ ಮುಂದೆಯೂ ಆಡಲಿಲ್ಲ. ಎಂಟನೇ ದಿನ ಕೆಲಸಕ್ಕೆ ಬಂದಳು, ಗಡಿಯಾರಕ್ಕೆ ಬೆನ್ನು ತೋರಿಸಿ ನಿಂತಳು, ಮೂವತ್ತು ಸ್ಲೈಡು ಮಾಡಿ ಮನೆಗೆ ಹೋದಳು. ಗಟ್ಟಿಗಿತ್ತಿ ಎಂದು ಎಲ್ಲರೂ ಮೆಚ್ಚಿಕೊಂಡರು.

ಲ್ಯಾಬಿನ ಮುಖ್ಯಸ್ಥೆ ಡಾಕ್ಟರಮ್ಮ. ಮೂವತ್ತೆರಡರ ಹುಡುಗಿ, ಲ್ಯಾಬಕ್ಕ ಕೆಲಸಕ್ಕೆ ಸೇರಿದಾಗ ಇವಳಿಗೆ ಹಾಲುಹಲ್ಲು ಬೀಳುವ ವಯಸ್ಸು. ಎರಡು ತಿಂಗಳಾದ ಮೇಲೆ ಒಂದು ದಿನ ಅವಳು ಕಾಗದಗಳ ಕಟ್ಟು ಹಿಡಿದು ಬಂದಳು. ಪ್ರತಿ ಮಾದರಿಯನ್ನೂ ಸ್ಲೈಡಿಗೆ ಸವರುವುದರ ಜೊತೆಗೆ ತಟ್ಟೆಯಲ್ಲಿ ಇಟ್ಟು ಬೆಳೆಸುತ್ತಾರೆ. ಬೆಳೆಯಲು ಒಂದೆರಡು ದಿನ ಬೇಕು, ಆದರೆ ಅದು ಹೇಳುವುದು ಕೊನೆಯ ಮಾತು. "ಅಕ್ಕ, ಇತ್ತೀಚೆಗೆ ನಿಮ್ಮ ಸ್ಲೈಡು ಒಂದು ಹೇಳುತ್ತೆ, ತಟ್ಟೆ ಇನ್ನೊಂದು ಹೇಳುತ್ತೆ. ಈ ತಿಂಗಳಲ್ಲಿ ಏಳು. ಎಲ್ಲ ನೇರಳೆ ಆಗ್ಬೇಕಾದ್ದು ಗುಲಾಬಿ ಅಂತ ಬಂದಿದೆ. ಕಣ್ಣು ಒಂದ್ಸಲ ತೋರಿಸ್ಕೊಳ್ತೀರಾ?"

ಲ್ಯಾಬಕ್ಕನಿಗೆ ಮೂಗಿನ ತುದಿಯಲ್ಲೇ ಕೋಪ. "ನನ್ನ ಕಣ್ಣಿಗೇನಾಗಿದೆ? ಸೂಜಿಗೆ ದಾರ ಪೋಣಿಸಿ ತೋರಿಸ್ಲಾ? ಹೊಸ ಸ್ಪಿರಿಟ್ಟು ತರಿಸಿದಾರಲ್ಲ, ಅದು ಕಳಪೆ ಮಾಲು. ಅದನ್ನ ಕೇಳಿ ಮೊದ್ಲು." ಸ್ಪಿರಿಟ್ಟು ಬದಲಾಯಿಸಿದರು. ನೇರಳೆಯನ್ನು ಸೋಸಿದರು. ಬಾಟಲಿಗಳನ್ನೇ ಬದಲಾಯಿಸೋಣವೇ ಎಂದಾಗ ಮಾತ್ರ ಲ್ಯಾಬಕ್ಕ ಉರಿದುಬಿದ್ದಳು. ಬಾಟಲಿ ಹಾಗೇ ಉಳಿಯಿತು, ತಪ್ಪೂ ಉಳಿಯಿತು.

ಆಮೇಲೆ ಒಂಬತ್ತು ವರ್ಷದ ಹುಡುಗಿಯೊಬ್ಬಳ ಬೆನ್ನುಹುರಿಯ ನೀರು ಬಂತು. ಮಿದುಳು ಜ್ವರ. ಜೋಡಿ ಜೋಡಿ ಕಾಳುಗಳು, ಗುಲಾಬಿ ಎಂದು ಲ್ಯಾಬಕ್ಕ ವರದಿ ಕೊಟ್ಟಳು. ವಾರ್ಡಿನವರು ಅದನ್ನೇ ನಂಬಿ ಔಷಧಿ ಬದಲಾಯಿಸಿದರು. ಎರಡನೇ ದಿನ ತಟ್ಟೆಯಲ್ಲಿ ಬೆಳೆದು ನಿಂತದ್ದು ನೇರಳೆ ಜಾತಿ. ಮತ್ತೆ ಔಷಧಿ ಬದಲಾಯಿಸಿದರು. ಹುಡುಗಿ ಬದುಕಿದಳು. ಎಡಗಿವಿ ಮಾತ್ರ ಹೋಗಿತ್ತು. ಕಿವಿ ಕಾಯಿಲೆಗೆ ಹೋಯಿತೋ, ಕಳೆದುಹೋದ ಆ ಒಂದೂವರೆ ದಿನಕ್ಕೆ ಹೋಯಿತೋ, ಅದನ್ನು ಎದೆ ಮುಟ್ಟಿ ಹೇಳಬಲ್ಲವರು ಯಾರೂ ಇರಲಿಲ್ಲ.

ತಿಂಗಳ ನಂತರ ಆ ಹುಡುಗಿ ತೋರಿಸಿಕೊಳ್ಳಲು ಬಂದಿದ್ದಾಗ ಲ್ಯಾಬಕ್ಕ ಹೊರಗಿನ ಓಣಿಯಲ್ಲಿದ್ದಳು. ತಾಯಿ ಎಡಗಡೆಯಿಂದ ಕೂಗಿದಳು. ಹುಡುಗಿ ತಿರುಗಲಿಲ್ಲ. ಇನ್ನೊಮ್ಮೆ ಕೂಗಿದಳು. ಕೊನೆಗೆ ಸುತ್ತಿ ಬಂದು ಬಲಗಡೆ ನಿಂತು ಭುಜ ಮುಟ್ಟಿದಾಗ ಹುಡುಗಿ ನಕ್ಕಳು, ಏನೂ ಆಗಿಲ್ಲವೆಂಬಂತೆ.  ಕರೆದಾಗ ಬಾರದೆ ಇರುವುದೆಂದರೆ ಏನೆಂದು ಲ್ಯಾಬಕ್ಕನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನೇರವಾಗಿ ಡಾಕ್ಟರಮ್ಮನ ಕೋಣೆಗೆ ಹೋದಳು.

"ನಾನು ಮಾಡ್ತಿರೋದ್ರಲ್ಲಿ ಏನೋ ತಪ್ಪಿದೆ," ಎಂದಳು. ಇಪ್ಪತ್ತಾರು ವರ್ಷದಲ್ಲಿ ಆ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು.

ಡಾಕ್ಟರಮ್ಮ ಮೇಜಿನ ಖಾನೆಯಿಂದ ಒಂದು ಕಾಗದ ತೆಗೆದಳು. "ಅಕ್ಕ, ಸೋಮವಾರದಿಂದ ನಿಮ್ಮನ್ನ ಕೆಳಗಡೆ ಮಾದರಿ ತಗೊಳ್ಳೋ ಕಿಟಕಿಗೆ ಹಾಕಿ ಅಂತ ಮೇಲಿನಿಂದ ಹೇಳಿದ್ದಾರೆ. ನಾನಿನ್ನೂ ಸಹಿ ಹಾಕಿಲ್ಲ. ಇವತ್ತು ಮಧ್ಯಾಹ್ನ ನನ್ನೆದುರಿಗೆ ಮಾಡಿ ತೋರಿಸಿ. ಮೂರು ಸ್ಲೈಡು ಇಟ್ಟಿರ್ತೀನಿ. ಒಂದಾದ್ರೂ ಸರಿ ಬಂದ್ರೆ ಈ ಕಾಗದ ಹರಿದು ಹಾಕ್ತೀನಿ."

ಕಿಟಕಿಯ ಕೆಲಸವೆಂದರೆ ಡಬ್ಬಿ ಇಸಕೊಂಡು ಚೀಟಿ ಅಂಟಿಸುವುದು. ಅಲ್ಲಿ ಬಾಟಲಿಗಳಿಲ್ಲ. ಅಲ್ಲಿ ಎಣಿಕೆಯೂ ಇಲ್ಲ. ದಿನಕ್ಕೆ ಮೂವತ್ತು ಸಲ ಬಂದು ಸಾಲಾಗಿ ಕೂರುತ್ತಿದ್ದವರು ಅಲ್ಲಿಗೆ ಬರುವುದಿಲ್ಲ. 

ಡಾಕ್ಟರಮ್ಮ ಮೂರು ಸ್ಲೈಡುಗಳಿಗೂ ಎರಡು ಜಾತಿಯ ರೋಗಾಣುಗಳನ್ನು ಬೆರೆಸಿ ಸವರಿದ್ದಳು. ಗೊಂಚಲು ಗೊಂಚಲಾದ ದುಂಡನೆಯವು ನೇರಳೆಯಾಗಬೇಕು, ಕಡ್ಡಿಯಂಥವು ಗುಲಾಬಿಯಾಗಬೇಕು. ಎರಡೂ ಸರಿಯಾದರೆ ಮಾತ್ರ ಸ್ಲೈಡು ಸರಿ. ತಾನು ಸ್ಟೂಲಿನ ಮೇಲೆ ಕೂತು ಕೈಗಡಿಯಾರ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡಳು.

ಮೊದಲ ಸ್ಲೈಡು. ನೇರಳೆ, ಅಯೋಡಿನ್, ಎಲ್ಲ ಸಲೀಸು. ಮೂರನೇ ಬಾಟಲಿ ಎತ್ತಿದಳು. ತುಟಿ ಅಲುಗಿತು. ನೀರು ಬಿಟ್ಟಾಗ ಡಾಕ್ಟರಮ್ಮ ತಲೆಯೆತ್ತಿ ನೋಡಿದಳು. ಗುಲಾಬಿ ಮುಗಿದು, ಸ್ಲೈಡು ಒಣಗಿ, ಸೂಕ್ಷ್ಮದರ್ಶಕಕ್ಕೆ ಏರಿತು. ಲ್ಯಾಬಕ್ಕ ತಾನೇ ಮೊದಲು ನೋಡಿದಳು. ಕಡ್ಡಿಗಳು ಗುಲಾಬಿ, ಗೊಂಚಲುಗಳೂ ಗುಲಾಬಿ. ಕಣ್ಣಿನದೇನೂ ತಪ್ಪಿರಲಿಲ್ಲ, ಎದುರಿಗಿದ್ದದ್ದೇ ತಪ್ಪಾಗಿತ್ತು.

"ಅಕ್ಕ, ಇಪ್ಪತ್ತೊಂದು ಸೆಕೆಂಡು," ಎಂದಳು ಡಾಕ್ಟರಮ್ಮ. "ನೀವು ಏನೋ ಹೇಳ್ಕೊಳ್ತಿದ್ರಿ. ಕೊನೇದಕ್ಕಿಂತ ಹಿಂದಿನ ಮಾತಿಗೆ ಬಂದು ನಿಂತ್ಬಿಟ್ರಿ. ಬಾಯಿ ನಿಂತಿತ್ತು, ಕೈ ನಿಂತಿರ್ಲಿಲ್ಲ. ಸ್ಪಿರಿಟ್ಟು ಸುರೀತಾನೇ ಇತ್ತು."

"ನಾನೆಲ್ಲಿ ನಿಂತೆ?"

"ಹತ್ತು ಸೆಕೆಂಡಿಗಿಂತ ಜಾಸ್ತಿ ನಿಂತ್ರಿ ಅಕ್ಕ. ನಿಮಗೇ ಗೊತ್ತಾಗ್ಲಿಲ್ಲ." ಅವಳು ಎದ್ದು ಹೋಗಿ ಹಳೆಯ ಸ್ಲೈಡುಗಳ ಪೆಟ್ಟಿಗೆ ತಂದಳು. "ಬೆಳಿಗ್ಗೆಯಿಂದ ಇದನ್ನೇ ನೋಡ್ತಿದ್ದೆ. ಒಂದು ತಾರೀಖಿನವರೆಗೆ ನಿಮ್ಮ ಸ್ಲೈಡೆಲ್ಲ ಪುಸ್ತಕದಲ್ಲಿ ಅಚ್ಚು ಹಾಕೋ ಹಾಗಿವೆ. ಆಮೇಲಿನದೆಲ್ಲ ತೊಳೆದುಹೋಗಿವೆ. ಸರಿಯಾಗಿ ಬಂದಿರೋದ್ರಲ್ಲಿ ಕೊನೇದು ಇದು ನೋಡಿ. ಎಷ್ಟು ಚೆನ್ನಾಗಿದೆ!"

ಲ್ಯಾಬಕ್ಕ ಕಣ್ಣಿಟ್ಟಳು. ತಿಳಿ ಗುಲಾಬಿಯ ನಡುವೆ ಕಡುನೇರಳೆ ಜೋಡಿಗಳು, ಒಂದೊಂದೂ ಬಿಡಿಬಿಡಿಯಾಗಿ, ಅಂಚು ಕೂಡ ಕದಡದೆ. ಇಪ್ಪತ್ತಾರು ವರ್ಷದಲ್ಲಿ ಇಷ್ಟು ಚೆಂದದ ಸ್ಲೈಡು ಹತ್ತೋ ಹನ್ನೆರಡೋ ಮಾಡಿರಬಹುದು. ಸ್ಲೈಡನ್ನು ಹೊರಗೆ ತೆಗೆದು, ಅಂಚಿನಲ್ಲಿ ತಾನೇ ಗೀರಿದ್ದ ತಾರೀಖು ನೋಡಿದಳು.  ಕೈಯಲ್ಲಿ ಹಿಡಿದು ಹಾಗೇ ಕುಳಿತಳು.

"ಇದು ಅವನು ಹೋದ ದಿನದ್ದು," ಎಂದಳು. "ಅವನು ಕರೀತಿದ್ದಾಗ ನಾನು ಮಾಡ್ತಾ ಇದ್ದದ್ದು ಇದನ್ನೇ."

ಆಮೇಲೆ ಎಲ್ಲವನ್ನೂ ಹೇಳಿದಳು. ಎಣಿಕೆಯನ್ನು ಹೇಳಿದಳು, ಅಟೆಂಡರ್ ಬಂದದ್ದನ್ನು ಹೇಳಿದಳು, ಎರಡು ನಿಮಿಷ ಬಿದ್ದಿರಲಿ ಎಂದದ್ದನ್ನೂ ಹೇಳಿದಳು. ಡಾಕ್ಟರಮ್ಮ ಮೆಲ್ಲಗೆ ಕೇಳಿದಳು, "ಆ ಎಣಿಕೆಯಲ್ಲಿ ಅಜ್ಜಿ ಇದ್ದಾರೆ, ಅಪ್ಪ ಅಮ್ಮ ಇದ್ದಾರೆ. ಅವರೂ ಈಗ ಇಲ್ಲ ಅಲ್ವಾ ಅಕ್ಕ? ಅವರ ಹತ್ರ ನೀವು ನಿಲ್ಲಲ್ಲ."

"ಅವರ್ಯಾರಿಗೂ ನಾನು ಆಮೇಲೆ ಬರ್ತೀನಿ ಅಂದಿರ್ಲಿಲ್ಲ, ಡಾಕ್ಟ್ರಮ್ಮ."

ಸಿಂಕಿನ ನಲ್ಲಿ ತೊಟ್ಟಿಕ್ಕುತ್ತಿತ್ತು. ಡಾಕ್ಟರಮ್ಮ ಎದ್ದು ಅದನ್ನು ಬಿಗಿ ಮಾಡಿ, ಅಲ್ಲೇ ನಿಂತು ಕಣ್ಣೊರೆಸಿಕೊಂಡಳು. "ಹಾಗಾದ್ರೆ ಆ ಒಂದು ಮಾತು ಬಿಟ್ಟು ಎಣಿಸಿ ನೋಡಿ," ಎಂದಳು.

ಎರಡನೇ ಸ್ಲೈಡು. ಅಜ್ಜಿ, ಅಪ್ಪ, ಅಮ್ಮ ಎಂದು ಶುರುವಾಯಿತು. ಆದರೆ ಖಾಲಿ ಜಾಗ ಮುಂದೆ ಬರುತ್ತಿದೆ ಎಂಬುದು ನಾಲಿಗೆಗೆ ಮೊದಲೇ ಗೊತ್ತಿತ್ತು. ಹಳ್ಳ ಹಾರುವವರು ದೂರದಿಂದ ಓಡಿ ಬರುವ ಹಾಗೆ ಅದು ಮೊದಲಿನಿಂದಲೇ ಓಡಿತು. ಅಣ್ಣ ಎಂದದ್ದಕ್ಕೂ ನಾನು ಎಂದದ್ದಕ್ಕೂ ನಡುವೆ ಉಸಿರೇ ಇರಲಿಲ್ಲ. "ಐದು ಸೆಕೆಂಡು," ಎಂದಳು ಡಾಕ್ಟರಮ್ಮ. ಸ್ಲೈಡಿನಲ್ಲಿ ಕಡ್ಡಿ, ಗೊಂಚಲು, ಎಲ್ಲವೂ ನೇರಳೆ. ಅವನನ್ನು ಬಿಟ್ಟರೆ ಎಣಿಕೆಯೇ ನಿಲ್ಲುವುದಿಲ್ಲ.

"ಟೈಮರ್ ಇಟ್ಕೊಳ್ಳೋಣ ಅಕ್ಕ. ಅದರಲ್ಲಿ ಸೋಲೇನೂ ಇಲ್ಲ."

ಲ್ಯಾಬಕ್ಕ ಕೊನೆಯ ಸ್ಲೈಡನ್ನು ಕೈಗೆತ್ತಿಕೊಂಡಳು. ಏನು ಮಾಡಬೇಕೆಂದು ಅವಳಿಗೆ ಗೊತ್ತಾಗಿತ್ತು. ಆ ಚೆಂದದ ಸ್ಲೈಡೇ ಹೇಳಿಕೊಟ್ಟಿತ್ತು. ಅವನನ್ನು ಬಿಡುವ ಹಾಗಿಲ್ಲ, ಅವನ ಹತ್ತಿರ ನಿಲ್ಲುವ ಹಾಗೂ ಇಲ್ಲ. ಅಣ್ಣನನ್ನು ಕರೆದಷ್ಟೇ ಹೊತ್ತು ಅವನನ್ನೂ ಕರೆದು, ಅವನಿಗೂ ಒಂದೇ ತೊಟ್ಟು ಹಾಕಿ, ಮುಂದೆ ಹೋಗಬೇಕು. ಅವತ್ತು ಹೋದ ಹಾಗೆಯೇ. ಇಷ್ಟು ದಿನ ಅವಳ ಬಾಯಿ ದಿನಕ್ಕೆ ಮೂವತ್ತು ಸಲ ಅವನ ಮಂಚದ ಪಕ್ಕ ಹೋಗಿ ನಿಂತು, ಕೊಡದೆ ಉಳಿಸಿಕೊಂಡ ಆ ಎರಡು ನಿಮಿಷವನ್ನು ಚೂರು ಚೂರೇ ಕೊಡುತ್ತಿತ್ತು. ಅದಕ್ಕೆ ಯಾವುದೋ ಮಗುವಿನ ಕಿವಿ ಬೆಲೆ ತೆತ್ತಿತ್ತು. ಇನ್ನು ಕೊಡುವ ಹಾಗಿರಲಿಲ್ಲ.

ನೇರಳೆ ಸುರಿದಳು, ತೊಳೆದಳು. ಅಯೋಡಿನ್ ಸುರಿದಳು, ತೊಳೆದಳು. ಮೂರನೇ ಬಾಟಲಿಯನ್ನು ಎತ್ತಿದಾಗ ಕೆಂಪು ಅಕ್ಷರ ಅವಳ ಕಡೆಗೇ ತಿರುಗಿತ್ತು. ಕಣ್ಣನ್ನು ಸ್ಲೈಡಿನ ಮೇಲಿಟ್ಟಳು.

"ಅಜ್ಜಿ," ಎಂದಳು, ಈ ಸಲ ಬಾಯಿಬಿಟ್ಟೇ. "ಅಪ್ಪ. ಅಮ್ಮ. ಚಿಕ್ಕಪ್ಪ. ಚಿಕ್ಕಮ್ಮ. ಅತ್ತೆ. ಅಣ್ಣ. ತಮ್ಮ. ನಾನು."

ನೀರು ಬಿತ್ತು. ಡಾಕ್ಟರಮ್ಮ ಗಡಿಯಾರ ನೋಡಿದಳು.

ಗೊಂಚಲು ನೇರಳೆಯಾಗಿ ಬಂದಿತ್ತು. ಕಡ್ಡಿ ಗುಲಾಬಿಯಾಗಿ ಬಂದಿತ್ತು. "ಬಂತು! ಅಕ್ಕ, ಬಂತು ನೋಡಿ!" ಎಂದು ಡಾಕ್ಟರಮ್ಮ ಚಿಕ್ಕ ಹುಡುಗಿಯ ಹಾಗೆ ಕೂಗಿ, ಜೊತೆಗೆ ತಂದಿದ್ದ ಆ ಕಾಗದವನ್ನು ಪರಪರನೆ ಹರಿದಳು. ಲ್ಯಾಬಕ್ಕ ನೋಡಿದಳು. ಒಂದು ಸಲ ನೋಡಿ ಮುಖ ಎತ್ತಿದಳು.

"ಬಂತು. ಇಷ್ಟು ಸುಲಭವಾಗಿ ಬಿಟ್ಟು ಬಂದೆನಲ್ಲ ಅವನನ್ನ," ಎಂದಳು. ಆಮೇಲೆ ಸಿಂಕಿನ ಅಂಚು ಹಿಡಿದು, ಹನ್ನೊಂದು ವರ್ಷ ಚಿಕ್ಕವನಾದ ತಮ್ಮನಿಗಾಗಿ, ನಾಲ್ಕು ತಿಂಗಳಿನಿಂದ ಅಳದೆ ಉಳಿಸಿಕೊಂಡಿದ್ದನ್ನೆಲ್ಲ ಅತ್ತಳು. ಡಾಕ್ಟರಮ್ಮ ಅವಳ ಬೆನ್ನ ಮೇಲೆ ಕೈಯಿಟ್ಟು ನಿಂತಿದ್ದಳು. 

ಬಾಗಿಲು ಬಡಿದು ಅಟೆಂಡರ್ ಟ್ರೇ ಇಟ್ಟುಹೋದ. ಮಧ್ಯಾಹ್ನದ ಮಾದರಿಗಳು, ಸವರಿ ಒಣಗಿಸಿದ ಹದಿನಾಲ್ಕು ಸ್ಲೈಡು. "ನಾಳೆ ಮಾಡಿದ್ರಾಯ್ತು ಬಿಡಿ ಅಕ್ಕ, ಇವತ್ತಿನದನ್ನ ನಾನೇ ಮಾಡ್ತೀನಿ," ಎಂದಳು ಡಾಕ್ಟರಮ್ಮ.

"ನಾಳೆ ಆದ್ರೆ ಸುಲಭ ಆಗುತ್ತಾ?" ಎಂದು ಲ್ಯಾಬಕ್ಕ ಕೇಳಿದಳು. ಕೈಯೆಲ್ಲ ನೇರಳೆಯಾಗಿದ್ದರಿಂದ ಮುಖವನ್ನು ತೋಳಿಗೆ ಒರೆಸಿಕೊಂಡಳು. ಮೊದಲ ಸ್ಲೈಡನ್ನು ಎತ್ತಿಕೊಂಡು ಗಡಿಯಾರಕ್ಕೆ ಬೆನ್ನು ತೋರಿಸಿ ನಿಂತಳು. ನೇರಳೆಗೆ ಒಂದು ನಿಮಿಷ, ಅಯೋಡಿನ್‌ಗೆ ಒಂದು ನಿಮಿಷ. ಮೂರನೇ ಬಾಟಲಿ ಮೇಲೆದ್ದಿತು. ಅಜ್ಜಿಯಿಂದ ಹಿಡಿದು ಎಲ್ಲರೂ ಒಬ್ಬೊಬ್ಬರಾಗಿ ಬಂದು ಕೂತರು.

"ತಮ್ಮ," ಎಂದಳು. "ನಾನು," ಎಂದಳು. ನೀರು ಬಿಟ್ಟಳು.